ಇನ್ನೂ ಆಗಿಲ್ಲ

ಲೂಯಿಸಿಯಾನದ ತೀರ, ಆಗಸ್ಟ್ ತಿಂಗಳು.
ಗಾಳಿಯನ್ನು ಹಿಂಡಿದರೆ ಉಪ್ಪುನೀರು ಸಿಕ್ಕೀತು.
ಸೀಗಡಿ ದೋಣಿಗಳು ಹೊರಡುವ ಮುನ್ನ ಐಸ್ ತುಂಬಿಕೊಳ್ಳುತ್ತವೆ,
ಮನುಷ್ಯರೂ ಅಷ್ಟೆ.
ನನ್ನ ಫ್ರಿಜ್ಜು ಮಾತ್ರ
ಹತ್ತೊಂಬತ್ತು ದಿನದಿಂದ ಒಂದು ತುಂಡೂ ಉದುರಿಸಿಲ್ಲ.

ಮೂವತ್ತೊಂದು ವರ್ಷ ದೋಣಿಯ ಡೀಸೆಲ್ ಎಂಜಿನ್ನುಗಳ
ಕೆಮ್ಮು ಕೇಳಿಯೇ ರೋಗ ಹೇಳಿದವಳು ನಾನು.
ಆ ಜಂಬಕ್ಕೇ ಇರಬೇಕು, ಮೊದಲು ಫಿಲ್ಟರ್ ಬದಲಿಸಿದೆ,
ಆಮೇಲೆ ನೀರಿನ ವಾಲ್ವು, ಅರವತ್ತೆರಡು ಡಾಲರು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಟಾರ್ಚು ಹಿಡಿದು ತಟ್ಟೆಯೊಳಗೆ ಇಣುಕಿದರೆ
ನೀರು ಬಂದಿದೆ. ಹೆಪ್ಪುಗಟ್ಟಿದೆ.
ಎಂಟು ಗುಣಿಗಳಲ್ಲಿ ಎಂಟು ಗಡ್ಡೆ,
ಹಳತಾಗಿ, ಬೂದುಬಿಳಿಯಾಗಿ, ಅಂಚು ಸವೆದು,
ಹೆಸರು ಕೂಗುವುದನ್ನೇ ಕಾಯುವ ರೋಗಿಗಳ ಹಾಗೆ ಕೂತಿವೆ.
ಪರೀಕ್ಷೆಯ ಗುಂಡಿ ಒತ್ತಿದೆ: ಮೋಟಾರು ಗೊರಗುಟ್ಟಿತು,
ತಟ್ಟೆ ಮೈ ತಿರುಚಿತು, ಎಂಟೂ ದಬದಬ ಬಿದ್ದವು.
ಕೈಕಾಲು ನೆಟ್ಟಗಿವೆ ಅಂದರೆ.
ಹೇಳುವವನು ಹೇಳುತ್ತಿಲ್ಲ.

ತಟ್ಟೆಯ ಹೊಟ್ಟೆಗೆ ಅಂಟಿ ಕೂತ ಅದು
ಬೆಂಡೆ ಬೀಜಕ್ಕಿಂತ ಕೊಂಚ ದಪ್ಪ, ಎರಡು ಬಿಳಿ ತಂತಿ.
ಅದಕ್ಕಿರುವುದು ಒಂದೇ ಕೆಲಸ:
ಚಳಿ ಏರಿದಷ್ಟೂ ಕರೆಂಟಿಗೆ ಅಡ್ಡಗಾಲು ಹಾಕುವುದು.
ಆ ಅಡ್ಡಗಾಲು ಅಳೆದು ಬೋರ್ಡು
ಆಯಿತು, ಉದುರಿಸು, ಅನ್ನುತ್ತದೆ.
ಕೆಳಗಿನ ಜಾಲರಿಯ ಹಿಂದೆ ಮಡಿಸಿಟ್ಟ ಕಾಗದದಲ್ಲಿ
ಲೆಕ್ಕ ಇತ್ತು: ಕರಗುವ ಐಸಿನಲ್ಲಿ ಮುಳುಗಿಸಿದರೆ
ಮೂವತ್ತೆರಡು ಸಾವಿರ ಓಮ್.
ಸರಿ, ಮುಳುಗಿಸೋಣ. ಐಸೆಲ್ಲಿ?

ಮುಚ್ಚಳ ಬಿಡಿಸಲೆಂದು ರಾತ್ರಿಯೆಲ್ಲ ಪ್ಲಗ್ ಕಿತ್ತಿಟ್ಟಿದ್ದೆ.
ಬಿದ್ದ ಎಂಟೂ ನೆಲ ಒರೆಸುವ ಬಟ್ಟೆಯ ಪಾಲು.

ಹತ್ತಿರದ ಅಂಗಡಿ ಹನ್ನೊಂದು ಮೈಲಿ.
ಬೇಲಿಯಾಚೆ ಆಲ್ಸೀಡ್ ಟ್ರಾಹಾನ್,
ಬಿರುಗಾಳಿಯ ವರ್ಷ ನನ್ನ ಜನರೇಟರ್ ಒಯ್ದು
ಎಣ್ಣೆ ಹಾಕದೆ ಓಡಿಸಿ ಸುಟ್ಟುಹಾಕಿದವನು.
ಅಂದಿನಿಂದ ಅವನ ನಾಯಿಯ ಜತೆ ಮಾತ್ರ ನನ್ನ ಮಾತು.
ಕಂಬಗಳ ಮೇಲೆ ನಿಂತ ಅವನ ಮನೆಗೆ ಹದಿನಾಲ್ಕು ಮೆಟ್ಟಿಲು.
ಸ್ಟೀಲ್ ಲೋಟ ಹಿಡಿದು ಹತ್ತಿದೆ.
"ಐಸ್ ಬೇಕಿತ್ತು."
"ಕುಡಿಯೋಕಾ?"
"ಅಲ್ಲ. ಒಬ್ಬ ಸಾಕ್ಷಿಯನ್ನ ವಿಚಾರಿಸಬೇಕು."
ಅವನು ಎರಡನೇ ಪ್ರಶ್ನೆ ಕೇಳಲಿಲ್ಲ.
ಲೋಟ ತುಂಬಿದ, ಮೇಲೆ ಇನ್ನೆರಡು ತುಂಡು ಒತ್ತಿದ.

ಪುಡಿಮಾಡಿ, ನೀರು ಬೆರೆಸಿ, ಹತ್ತು ನಿಮಿಷ.
ಮೀಟರಿನ ಕೆಂಪು ಮೊನೆ, ಕಪ್ಪು ಮೊನೆ.
ಒಂಬತ್ತು ಸಾವಿರದ ಎಂಟುನೂರು.
ಕಲಕಿದೆ. ಒಂಬತ್ತು ಸಾವಿರದ ಏಳುನೂರು.
ಬೆರಳು ಜೋಮು ಹಿಡಿಯುವ ನೀರಿನಲ್ಲಿ ಮುಳುಗಿ
ಇದು ಹೇಳುತ್ತಿದೆ: ಹಿತವಾಗಿದೆ, ಏಪ್ರಿಲ್ ಮಧ್ಯಾಹ್ನ,
ಕಿಟಕಿ ತೆರೆಯಿರಿ.
ಅಂಟಿನ ಬಿರುಕಿನಲ್ಲಿ ಎಂದೋ ತೇವ ಹೊಕ್ಕಿರಬೇಕು.
ಬೈಯಲೂ ಮನಸ್ಸಾಗಲಿಲ್ಲ, ಅದಕ್ಕೆ ಗೊತ್ತಿರುವುದೇ ಅಷ್ಟು.
ಗಡ್ಡೆ ಕಟ್ಟಿದ ಮೇಲೂ ಹತ್ತೊಂಬತ್ತು ದಿನ
ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎಂದು
ನಿಯತ್ತಾಗಿ ವರದಿ ಒಪ್ಪಿಸಿದೆ;
ಬೋರ್ಡು ನಂಬಿದೆ.
ನಾನೂ ಎಷ್ಟೋ ಸಂಗತಿಗೆ ಹಾಗೇ ಹೇಳಿಕೊಂಡು...
ಬಿಡಿ, ತಂತಿ ಕತ್ತರಿಸುವ ಹೊತ್ತಲ್ಲಿ ಅದೆಲ್ಲ ಯಾಕೆ.

ಹೊಸದು ಬುಧವಾರ ಬಂತು, ಹದಿನಾಲ್ಕು ಡಾಲರು.
ಬೆಸೆದು, ಶಾಖಕ್ಕೆ ಬಿಗಿಯುವ ಕೊಳವೆ ತೊಡಿಸಿ,
ತೇವ ನುಸುಳದಂತೆ ಮುಚ್ಚಿದೆ.
ನಡುರಾತ್ರಿ ಅಡುಗೆಮನೆಯಲ್ಲಿ ಏನೋ ಬಿತ್ತು.
ಕಳ್ಳನೆಂದು ಸ್ಪ್ಯಾನರ್ ಹಿಡಿದು ಬಂದೆ.
ಎಂಟು. ಎಣಿಸಿದೆ.

ಮೊದಲ ಗಡ್ಡೆಗಳನ್ನು ಚೆಲ್ಲಬೇಕಂತೆ, ಕಾಗದದ ಮಾತು.
ಬೆಳಿಗ್ಗೆ ಅದೇ ಲೋಟದಲ್ಲಿ ಹಾಕಿಕೊಂಡು ಬೇಲಿ ದಾಟಿದೆ.
ಮೆಟ್ಟಿಲು ಮುಗಿಯುವಷ್ಟರಲ್ಲಿ ಅರ್ಧ ನೀರು.
ಆಲ್ಸೀಡ್ ಲೋಟದೊಳಗೆ ನೋಡಿದ, ನನ್ನನ್ನು ನೋಡಿದ,
ನಾಯಿಯ ಬಟ್ಟಲಿಗೆ ಸುರಿದ.
ಜನರೇಟರಿನ ಮಾತು, ಅದು ಇನ್ನೂ ಆಗಿಲ್ಲ.
ನಾಯಿ ಕಟಕಟ ಅಗಿದು
ಮತ್ತಿದೆಯಾ ಎಂದು ನನ್ನ ಕೈ ನೋಡಿತು.