ಸುರಿಯುವ ಎತ್ತರ

ಅರಸೀಕೆರೆ. ನಮ್ಮ ಕೊಬ್ಬರಿ ಗೋಡೌನಿನ ಮಹಡಿ ಮೇಲೆ
ಎಂಟು ತಿಂಗಳಿಂದ ಖಾಲಿ ಬಿದ್ದ ಮನೆ.
ಸೋಮವಾರ ಸಂಜೆ ಅಲ್ಲಿ ಸೇರುತ್ತೇವೆ, ಏಳು ಜನ.
ಏಳೂ ಒಂದೇ ಜಾತಿ. ಬೇಕೆಂದೇ ಹಾಗೆ.

"ಜವರಯ್ಯನನ್ನೂ ಕರೆಯೋಣ, ಅವನ ಕಷ್ಟ ಅವನೇ ಹೇಳಲಿ,"
ಎಂದಿದ್ದರು ಮೊದಲ ವಾರ ಷಡಕ್ಷರಪ್ಪ ಮೇಷ್ಟ್ರು.
ಗಂಗಾಂಬಿಕೆ ಬಿಡಲಿಲ್ಲ:
"ಕಸ ನಮ್ಮ ಮನೇದು.
ಗುಡಿಸೋಕೆ ಇದಕ್ಕೂ ಅವರೇ ಬರಬೇಕಾ?"

ಮೊದಲು ಪೂಜೆ. ಎಡ ಅಂಗೈಯಲ್ಲಿ ಲಿಂಗ,
ಅರ್ಧ ಮುಚ್ಚಿದ ರೆಪ್ಪೆ.
ಕೆಳಗಿನಿಂದ ಕೊಬ್ಬರಿಯ ಕಮಟು,
ಜಂಕ್ಷನ್ನಿನ ಕಡೆಯಿಂದ
ಯಾವ ರೈಲು ಎಷ್ಟು ತಡ ಎಂದು ಸಾರುವ ಹೆಣ್ಣುದನಿ.
ಆಮೇಲೆ ಮಾತು. ಕರಾರು ಒಂದೇ:
ಮಾಡಿದ ಉಪಕಾರ ಹೇಳುವಂತಿಲ್ಲ.

ಅಬ್ಬಾ, ಬಾಯಿ ತೆರೆದರೆ ಅದೇ ಬರುತ್ತಿತ್ತು.
ಕೊಟ್ಟ ಸೀರೆ, ಕಟ್ಟಿದ ಸ್ಕೂಲ್ ಫೀಸು,
"ನಮ್ಮಪ್ಪ ಅಂಥವರಲ್ಲ" ಎನ್ನುವುದು.
ಏಳೂ ಜನರ ಅಪ್ಪಂದಿರು ಅಂಥವರಲ್ಲ.
ಹಾಗಾದರೆ ಈ ಊರಲ್ಲಿ
ಅಂಥವರಾಗಿದ್ದವರು ಯಾರು?

ಮೂರನೇ ವಾರ ರೇವಣಸಿದ್ದಪ್ಪ ಅತ್ತರು.
ನೀರಿಗೆ ಒಬ್ಬರೆದ್ದರು, ಫ್ಯಾನಿಗೆ ಒಬ್ಬರು,
ಬೆನ್ನು ಸವರಿ ಸವರಿ ಎಂಟೂವರೆ ಆಯಿತು.
ಏನು ಮಾಡಿದ್ದಕ್ಕೆ ಅತ್ತರು
ಅನ್ನೋದನ್ನ ಕೇಳೋಕೇ ಮರೆತೆವು.

ನನ್ನ ಸರದಿ ಎಂಟನೇ ವಾರ.
ಹಿತ್ತಲ ಜಗಲಿ. ನನಗೆ ಹತ್ತು ವರ್ಷ.
ಕಾಯಿ ಸುಲಿಯುತ್ತಿದ್ದ ಹೊನ್ನಕ್ಕ
ಕೂತಲ್ಲಿಂದಲೇ ಕರಟ ಒಡ್ಡುತ್ತಿದ್ದಳು ಕಾಫಿಗೆ.
"ಚೊಂಬು ತಾಗಬಾರದು, ಒಂದು ಗೇಣು ಮೇಲಿರಲಿ,"
ದೊಡ್ಡಮ್ಮ ಕಲಿಸಿದ ವಿದ್ಯೆ.
ಹನಿ ಆಚೆ ಬೀಳದ ಹಾಗೆ ಸುರಿಯುತ್ತಿದ್ದೆ.
"ಎಷ್ಟು ಅಚ್ಚುಕಟ್ಟು ನೋಡು ಹುಡುಗಿ!"
ಆ ಹೊಗಳಿಕೆ ನಾಲಿಗೆಯ ಮೇಲೆ
ಇವತ್ತಿಗೂ ಸಿಹಿಯಾಗೇ ಇದೆ. ಅದನ್ನೂ ಹೇಳಿದೆ.
ಈ ಸಲ ಯಾರೂ ನೀರಿಗೆ ಏಳಲಿಲ್ಲ.

ಮಾರನೆಯ ದಿನ ಹೊನ್ನಕ್ಕನ ಮನೆ ಕೇಳಿಕೊಂಡು ಹೋದೆ.
ಕರಟದ ಮಾತು ತೆಗೆದೆ.
ಪೂರ್ತಿ ಕೇಳಿಸಿಕೊಂಡಳು,
ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸದೆ.
"ಅದಿರ್ಲಿ ಸರ್ವಮಂಗಳಮ್ಮ.
ನನ್ ಮೊಮ್ಮಗಳು ತನುಜಾ ಸರ್ಕಾರಿ ಆಸ್ಪತ್ರೇಲಿ ನರ್ಸು.
ನಿಮ್ಮ ಬೀದೀಲಿ ಬಾಡಿಗೆ ಮನೆ ಕೇಳಿ
ನಾಕು ಬಾಗಿಲಿಂದ ವಾಪಸ್ ಬಂದವ್ಳೆ.
ನಿಮ್ಮನೇದೂ ಸೇರಿ ನಾಕು."

ನಮ್ಮನೆಯದೂ ಸೇರಿ.
ಗೇಟಿಗೆ ತೂಗುಹಾಕಿದ 'ಸಸ್ಯಾಹಾರಿಗಳಿಗೆ ಮಾತ್ರ',
ಬರೆದದ್ದು ನನ್ನದೇ ದುಂಡಕ್ಷರ.
ಎಂಟು ಸೋಮವಾರ ಅದೇ ಗೇಟು ತಳ್ಳಿ
ಅದೇ ಖಾಲಿ ಮನೆಯ ಮೆಟ್ಟಿಲು ಹತ್ತಿ
ದೇವರೆದುರು ಸರಿಸಮ ಕೂತಿದ್ದೆವು.

ಯಜಮಾನರು ಮೂರು ದಿನ ಮಾತು ಬಿಟ್ಟರು.
ನಾಲ್ಕನೇ ದಿನ, ಊಟದ ನಡುವೆ,
"ಅಡ್ವಾನ್ಸಲ್ಲಿ ಒಂದು ಪೈಸೆ ಬಿಡಲ್ಲ" ಅಂದರು.

ಈಗ ನಾವು ಕೆಳಗೆ, ಗೋಣಿಚೀಲಗಳ ಮೇಲೆ.
ಏಳರಲ್ಲಿ ಇಬ್ಬರು ಬರುತ್ತಿಲ್ಲ,
ಧೂಳು ಅಲರ್ಜಿಯಂತೆ.
ನೆತ್ತಿಯ ಮೇಲೆ ತನುಜಾ ಓಡಾಡುವ ಸಪ್ಪಳ.
ಮಸಾಲೆಯ ಘಮ ಮೆಟ್ಟಿಲಿಳಿದು ಬಂದ ದಿನ
ಲಿಂಗ ಹಿಡಿದ ಒಂದು ಅಂಗೈ ಮುದುಡಿತು.
ನನ್ನದು.

ಮೊನ್ನೆ ಬಾಡಿಗೆ ಕೊಡಲು ಬಂದಳು.
ನಮ್ಮದೇ ಸೋಫಾ, ನಮ್ಮದೇ ಲೋಟ, ಎಲ್ಲ ಸರಿ.
"ಇನ್ನೊಂಚೂರು ಕಾಫಿ?"
ಪಾತ್ರೆ ಬಗ್ಗಿಸಿದೆ. ಕೈ ತಾನಾಗೇ ಮೇಲೆದ್ದಿತು.
ಗೇಣಲ್ಲ. ಅರ್ಧ ಗೇಣೂ ಇರಲಿಕ್ಕಿಲ್ಲ.
ಒಂದು ಹನಿ ಆಚೆ ಬೀಳಲಿಲ್ಲ.

ತನುಜಾ ಆ ಎತ್ತರ ನೋಡಿದಳು.
ಲೋಟವನ್ನು ಎತ್ತಿ,
ಪಾತ್ರೆಯ ಅಂಚಿಗೆ ಟಣ್ಣೆಂದು ತಾಗಿಸಿ,
"ಸಾಕು" ಅಂದಳು.