ಗಂಜಿಯಲ್ಲಿ ಅಂಟಿಸಿದ ಪಟ್ಟಿ

ಗೋಂದು ಮುಗಿದಿತ್ತು. ಪಂಚಾಯಿತಿಯಲ್ಲಿ ಗೋಂದು
ಯಾವಾಗ ಕೇಳಿದರೂ ನಿನ್ನೆಯಷ್ಟೇ ಮುಗಿದಿರುತ್ತದೆ.
ಮೊಯ್ದುವಿನ ಹೋಟೆಲಿನಿಂದ ಒಂದು ಲೋಟ ಗಂಜಿ ತಂದು
ಎರಡು ಬೆರಳಲ್ಲಿ ಬಳಿದು ಅಂಟಿಸಿದೆ,
ಹನ್ನೊಂದು ಹಾಳೆ, ಕಿಟಕಿಯ ಕೆಳಗಿನ ಗೋಡೆಗೆ:
ಬಾಳೆಲೆ ಹೋಬಳಿ, ಮುಂಗಾರು, ನೆರೆಯಿಂದ ಹಾನಿಯಾದ ಭತ್ತ.
ಹೆಸರು, ಸರ್ವೆ ನಂಬರು, ವಿಸ್ತೀರ್ಣ. ಕೊನೆಯ ಅಂಚಿನಲ್ಲಿ ಮೊತ್ತ.

ಟೈಪು ಮಾಡಿದವಳು ನಾನೇ.
ಎಲ್ಲರಿಗಿಂತ ಮೊದಲು ತಿಳಿದುಕೊಂಡು
ಏನೂ ತಿಳಿಯದವಳಂತೆ ಕೂರುವುದಕ್ಕೆ
ನನಗೆ ತಿಂಗಳ ಸಂಬಳ.

ಬೆಳಿಗ್ಗೆ ಮೊದಲು ಬಂದವನು ಪೆಮ್ಮಯ್ಯ, ಕನ್ನಡಕ ಮರೆತು.
ಹಾಳೆಗೆ ಮೂಗು ತಾಗಿಸಿ, ಸಾಲಿನಿಂದ ಸಾಲಿಗೆ ಬೆರಳನ್ನು
ಬದುವಿನ ಮೇಲೆ ನಡೆದಂತೆ ಜಾರದ ಹಾಗೆ ನಡೆಸಿದ.
ಅರವತ್ತು ಬಟ್ಟಿ ಗದ್ದೆ ಅವನದು.
ಲಕ್ಷ್ಮಣತೀರ್ಥ ಐದು ದಿನ ಅದರ ಮೇಲೆ ಮಲಗಿ ಎದ್ದು ಹೋಗಿತ್ತು.
ಬಂದದ್ದು ಸಾವಿರದ ನೂರ ತೊಂಬತ್ತು.
‘ಒಂದು ಸೊನ್ನೆ ಬಿಟ್ಟು ಹೋಗಿ ಉಂಟಾ, ನೋಡು ಮಗಾ.’
ಬಿಟ್ಟು ಹೋಗಿರಲಿಲ್ಲ. ನೀರಿಳಿದ ಮರುದಿನವೇ
ಎಲ್ಲೆಲ್ಲೋ ಬೇಡಿ ಸಸಿ ತಂದು ಅವನು ಮತ್ತೆ ನಾಟಿ ಹಾಕಿಸಿದ್ದ.
ಅಳೆಯುವವರು ಬಂದಾಗ ಗದ್ದೆ ಹಸಿರಾಗಿತ್ತು.
ಹಸಿರಿಗೆ ಪರಿಹಾರವಿಲ್ಲ.
ಮೂಲೆಯ ಏಳು ಗುಂಟೆ ಮಾತ್ರ ಕೊಳೆತದ್ದೆಂದು ಬರೆದುಕೊಂಡರು,
ಅವನ ಮನೆಯಲ್ಲೇ ಕಾಫಿ ಕುಡಿದು.

ಚೊಂದಮ್ಮ ಬಂದಳು. ಆರು ವರ್ಷದ ಹಿಂದೆ ತೀರಿಹೋದ ಗಂಡನಿಗೆ
ನಾಲ್ಕು ಸಾವಿರ ಬಂದದ್ದು ಕಂಡು ನಗುತ್ತ ಕೂತುಬಿಟ್ಟಳು.
‘ಇರುವಾಗ ಒಂದು ಬೀಡಿಗೆ ಗತಿ ಇರಲಿಲ್ಲ ಮಾರಾಯ್ತಿ ಅವರಿಗೆ.’

ಬೊಳ್ಳಿಗೆ ಓದಲು ಬಾರದು. ಅವಳ ಹೆಸರು
ಯಾವ ಹಾಳೆಯಲ್ಲೂ ಇಲ್ಲವೆಂದು ಅವಳಿಗೂ ಗೊತ್ತು.
ಬಾಗಿಲಲ್ಲೇ ನಿಂತು ಕೇಳಿದಳು: ‘ಪೆಮ್ಮಯ್ಯನಿಗೆ ಎಷ್ಟು?’
ಎರಡನೇ ನಾಟಿಯ ನಾಲ್ಕು ದಿನದ ಕೂಲಿ
ದುಡ್ಡು ಬಂದಾಗ ಕೊಡುತ್ತೇನೆ ಎಂದಿದ್ದನಂತೆ.
ಹೇಳಿದೆ. ಬೆರಳು ಮಡಿಸಿ ಎಣಿಸಿದಳು,
ಮಡಿಸಿದ್ದನ್ನು ಒಂದೊಂದೇ ಬಿಚ್ಚಿ, ಏನೂ ಅನ್ನದೆ ಹೋದಳು.

ಆರನೇ ಹಾಳೆ, ಪೂವಯ್ಯ: ಮೂವತ್ತನಾಲ್ಕು ಸಾವಿರ.
ಅವನ ಗದ್ದೆಗೆ ನೇಗಿಲು ಇಳಿದು ಒಂಬತ್ತು ವರ್ಷ.
ಈಗ ಅಲ್ಲಿ ಲಂಟಾನ, ಆಳೆತ್ತರದ ಹುಲ್ಲು,
ಹಂದಿಗಳು ಹೊರಳಿದ ಒಂದು ಕೆಸರುಗುಂಡಿ.
ಭತ್ತ ಬೆಳೆಯುವುದು ಪಹಣಿಯಲ್ಲಿ ಮಾತ್ರ,
ವರ್ಷ ತಪ್ಪದೆ, ಮಳೆ ಬೇಡ, ಗೊಬ್ಬರ ಬೇಡ.
ಆ ಭತ್ತವೇ ಮುಳುಗಿದ್ದು.

ಹೋದ ತಿಂಗಳು ಪುತ್ತರಿಯ ರಾತ್ರಿ
ಟಾರ್ಚು ಹಿಡಿದು ಪೆಮ್ಮಯ್ಯನ ಬದುವಿಗೆ ಬಂದವನು ಇದೇ ಪೂವಯ್ಯ.
ಹಿಂದೆ ಮಕ್ಕಳು, ತಲೆಗೆ ಮುಸುಕು ಹೊದ್ದ ಹೆಂಗಸರು,
ಕದಿರಿಗೆ ಮುಂಚೆ ಹಾರಿಸಲು ಒಂದು ಹಳೆಯ ಕೋವಿ.
ಕದಿರು ಕೇಳಿದರೆ ಇಲ್ಲವೆನ್ನುವ ವಾಡಿಕೆ ಇಲ್ಲಿಲ್ಲ.
ಹೊಸ ಅಕ್ಕಿ ಮುಟ್ಟದ ಮನೆ ಮನೆಯೇ ಅಲ್ಲ.
ಪೆಮ್ಮಯ್ಯ ತಾನೇ ಬಗ್ಗಿ ತೋರಿಸಿದ,
‘ಇದು ತೆಗೊ, ಕಾಳು ತುಂಬಿ ಉಂಟು.’
ಎರಡನೇ ನಾಟಿಯದು. ಅಷ್ಟಾಗಿ ತುಂಬಿರಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪೂವಯ್ಯ ಬಂದ.
ಆರನೇ ಹಾಳೆಯ ಮುಂದೆ ಬಹಳ ಹೊತ್ತು ನಿಂತು
ನನ್ನ ಕಡೆ ತಿರುಗದೆ ಕೇಳಿದ:
‘ಇದನ್ನು ಹಿಂದಕ್ಕೆ ಕೊಡುವುದಕ್ಕೆ ಅರ್ಜಿ ಉಂಟಾ?’
‘ಇಲ್ಲ’ ಎಂದೆ. ಹುಡುಕಿ ನೋಡಿ ಹೇಳಬಹುದಿತ್ತು.
ಅವನ ಹೆಗಲು ಒಂದಿಷ್ಟು ಕೆಳಗಿಳಿಯಿತು,
ಭಾರ ಬಿದ್ದೋ, ಭಾರ ಇಳಿದೋ.
ಜೀಪು ತಿರುಗಿದ್ದು ಪೆಮ್ಮಯ್ಯನ ಮನೆಯ ರಸ್ತೆಗೆ.
ತನ್ನ ಮನೆಗೂ ಅದೇ ರಸ್ತೆ.

ಮರುದಿನ ನೋಡಿದರೆ, ಗಂಜಿಯ ವಾಸನೆಗೆ
ಮೊಯ್ದುವಿನ ಆಡು ರಾತ್ರಿ ಬಂದು ಹೋಗಿದೆ.
ಕೆಳಸಾಲಿನ ಹಾಳೆಗಳ ಅಂಚು ಪೂರ್ತಿ ಇಲ್ಲ.
ಹೆಸರುಗಳಿವೆ, ಸರ್ವೆ ನಂಬರುಗಳಿವೆ.

ಮತ್ತೆ ಪ್ರಿಂಟು ತೆಗೆಯಬೇಕು. ಕಾಗದ ಉಂಟು.
ಲೋಟ ತೊಳೆದು ಮೊಯ್ದುವಿನ ಹೋಟೆಲಿಗೆ ಹೊರಟೆ.