ಇಲ್ಲಿ ಬ್ಯಾಡ್ರಿ

ಪಣಜಿ. ಶನಿವಾರ ಸಂಜೆ ಏಳೂವರೆ.
ನಾಲ್ಕು ಜನ, ನಾಲ್ಕು ಥರದ ಹಸಿವು,
ಒಂದು ಫೋನು, ಅದರಲ್ಲಿ ಹದಿನೇಳು ಪರ್ಸೆಂಟು ಜೀವ.

ಮೇದಿನಿ ನಕ್ಷತ್ರ ಎಣಿಸುತ್ತಾಳೆ, ತಲೆ ಎತ್ತದೆ:
ಇದಕ್ಕೆ ನಾಲ್ಕು ಪಾಯಿಂಟ್ ಮೂರು,
ಅದಕ್ಕೆ ನಾಲ್ಕೇ, ಆದರೆ ಅಲ್ಲಿ ಗಿಟಾರು ಬಾರಿಸುತ್ತಾರಂತೆ.
ವಾಗೀಶ ತನಗೇನೂ ಬೇಡವೆಂಬಂತೆ
ಸಿಗಡಿಯ ಚಿತ್ರವಿರುವ ಬೋರ್ಡುಗಳ ಮುಂದೆಯೇ
ಚಪ್ಪಲಿಯ ಬಾರು ಸರಿಮಾಡಲು ಬಗ್ಗುತ್ತಾನೆ.
ಇಪ್ಪತ್ತೆರಡು ವರ್ಷದ ಸಂಸಾರ;
ಯಾವ ಬಾರು ಸಡಿಲ ಅಂತ ನನಗೆ ಗೊತ್ತಿಲ್ಲವೇ?

ಅವನ ಸೋದರತ್ತೆ ಸರ್ವಮಂಗಳಮ್ಮನದು ಒಂದೇ ಪ್ರಶ್ನೆ,
ದಾವಣಗೆರೆಯಿಂದ ಚೀಲದಲ್ಲಿ ಹೊತ್ತು ತಂದದ್ದು:
"ಬಾಂಡ್ಲಿ ಬೇರೆ ಇಟ್ಟಿರ್ತಾರೇನು?"
ಬಾಗಿಲಲ್ಲಿ ನಿಂತವರನ್ನು ಕೇಳುವುದು ಕನ್ನಡದಲ್ಲೇ.
ಅವರು ನಗುತ್ತಾರೆ, ತಲೆಯಾಡಿಸುತ್ತಾರೆ,
ಒಬ್ಬ ಬಚ್ಚಲಿನ ದಾರಿ ತೋರಿಸಿದ.

ಮೊದಲನೆಯದು ದುಬಾರಿ. ಎರಡನೆಯದು ಕತ್ತಲು;
ಮೇಣದಬತ್ತಿ ಹಚ್ಚಿಕೊಂಡು ಉಣ್ಣೋದಾದರೆ
ನಮ್ಮೂರಲ್ಲಿ ಕರೆಂಟು ಹೋಗೋದಿಲ್ವೇ, ಅಂದರು ಅತ್ತೆ.
ಮೂರನೆಯದರಲ್ಲಿ ಎಲ್ಲ ಸರಿ, ಮೇಜಿಲ್ಲ.
ನಲವತ್ತು ನಿಮಿಷ ಅಂದರು. ನಾವು ಹತ್ತು ನಿಮಿಷ ನಿಂತು
ನಲವತ್ತು ನಿಂತವರ ಮುನಿಸಿನಲ್ಲಿ ಹೊರಟೆವು.

ಮಾಂಡವಿಯಲ್ಲಿ ಜೂಜಿನ ಹಡಗುಗಳು
ಮದುವೆಮನೆಯ ಹಾಗೆ ದೀಪ ಉಟ್ಟು
ಎಲ್ಲಿಗೂ ಹೋಗದೆ ನಿಂತಿದ್ದವು.

ನಾಲ್ಕನೆಯದರ ಮುಂದೆ ಕರಿಹಲಗೆ,
ಸೀಮೆಸುಣ್ಣದಲ್ಲಿ ಇವತ್ತಿನ ವಿಶೇಷ.
ವಾಗೀಶನ ಬಾರು ಮತ್ತೆ ಸಡಿಲವಾಯಿತು.
ಬಿಳಿ ಅಂಗಿಯ ಹುಡುಗ ಮೆನು ಚಾಚಿದ,
ಎದೆಯ ಮೇಲೆ ರಾಯನ್ ಎಂಬ ಬಿಲ್ಲೆ,
ಇಂಗ್ಲಿಷಿನಲ್ಲಿ ಸ್ವಾಗತ, ಹಿಂದಿಯಲ್ಲಿ ದರ.
ಆಮೇಲೆ ಗಲ್ಲಾದ ಕಡೆ ಒಮ್ಮೆ ಕಣ್ಣು ಹಾಯಿಸಿ
ಮೆನುವಿನ ಮರೆಯಲ್ಲಿ, ತುಟಿ ಅಲುಗದಂತೆ:
"ಇಲ್ಲಿ ಬ್ಯಾಡ್ರಿ."

ಆ ಊರಿಗೆ ಬಂದ ಮೇಲೆ
ಏನನ್ನೂ ಮಾರದ ಮೊದಲ ಮಾತು ಅದು.

"ಬಾಂಡ್ಲಿ ಒಂದ ಐತಿ. ಸಿಗಡಿ ಗುರುವಾರದ್ದು.
ಆಯಿ ಕೇಳಾಕತ್ತಿದ್ದು ಕಿವಿಗೆ ಬಿತ್ತು."
ಊರು? ಸವದತ್ತಿ ಹತ್ರ. ಹೆಸರು?
ಬಿಲ್ಲೆಯನ್ನು ಹೆಬ್ಬೆರಳಿಂದ ಮುಚ್ಚಿ, ಯಮನೂರ ಅಂದ.
"ಯಮ ಅಂದ್ರ ಗಿರಾಕಿ ಹೆದರ್ತಾರ ಅಂದ್ರು ಸಾಹೇಬ್ರು.
ಇದು ಬಿಟ್ಟುಹೋದ ಹುಡುಗಂದು. ಖಾಲಿ ಇತ್ತು."

ಹಾಗಾದರೆ ನೀನೇ ಹೇಳಪ್ಪ, ಎಲ್ಲಿ ಉಣ್ಣೋಣ?
ಅವನಿಗೆ ಗೊತ್ತಿದ್ದದ್ದು ಒಂದೇ ಜಾಗ:
ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಕೆಳಗೆ,
ನಮ್ಮ ಕಡೇ ಹೆಣ್ಮಗಳು ರೊಟ್ಟಿ ಬಡೀತಾಳ,
ಹನ್ನೊಂದಕ್ಕ ನಾವೆಲ್ಲಾ ಅಲ್ಲೇ.
"ನಿಮಗ ಹೊಂದೂದಿಲ್ಲ ಬಿಡ್ರಿ, ಕುರ್ಚಿ ಇಲ್ಲ."

ಗೋವೆಗೆ ಬಂದು ರೊಟ್ಟಿಯಾ, ಅಂದಳು ಮೇದಿನಿ.
ಫೋನು ಅಷ್ಟರಲ್ಲಿ ಕಣ್ಣು ಮುಚ್ಚಿತ್ತು.
ಆದ್ದರಿಂದ ಹೋದೆವು.

ಹೆಂಗಸು ತಲೆಯೆತ್ತಿ ನಮ್ಮನ್ನು ಎಣಿಸಿದಳು,
ಬುಟ್ಟಿಯನ್ನೂ ಎಣಿಸಿದಳು.
ಇಪ್ಪತ್ತೊಂದು ಹುಡುಗರು, ತಲೆಗೆರಡರಂತೆ.
"ನಿಮಗ ಕೊಟ್ಟರ ಯಾರಿಗೆ ಇಲ್ಲ ಅನ್ನಲಿ?"
ಹಿಟ್ಟೂ ಮುಗಿದಿತ್ತು. ಮಾತು ಸಿಟ್ಟಿನದಲ್ಲ, ಲೆಕ್ಕದ್ದು.
ಮೇಜಿಲ್ಲ ಅಂದವರ ಮೇಲೆ ಬಂದ ಮುನಿಸು
ಇವಳ ಮೇಲೆ ಯಾಕೋ ಬರಲಿಲ್ಲ.

ಲಾಡ್ಜಿನಲ್ಲಿ ಹಾಸಿಗೆಯ ಮೇಲೆ ಪೇಪರು ಹಾಸಿ
ದಾರಿಯಲ್ಲಿ ಕೊಂಡ ಪಾವು, ಅತ್ತೆಯ ಡಬ್ಬಿಯ ಶೇಂಗಾಪುಡಿ,
ಮೇಲೆ ಒಂದೊಂದು ಬಾಳೆಹಣ್ಣು.
ಮೇದಿನಿ ಸಿಪ್ಪೆಯನ್ನು ಚಾರ್ಜರಿನ ಪಕ್ಕದಲ್ಲೇ ಇಟ್ಟು ಮಲಗಿದಳು.

ಹನ್ನೊಂದು ಹೊಡೆದಾಗ ನಾನಿನ್ನೂ ಎಚ್ಚರ.
ಯಮನೂರ ಈಗ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿರಬಹುದು,
ನಿಂತುಕೊಂಡೇ ಮೊದಲ ರೊಟ್ಟಿ ಮುರಿದಿರಬಹುದು.

ಕತ್ತಲಲ್ಲಿ ವಾಗೀಶ, ಯಾರಿಗೂ ಅಲ್ಲದಂತೆ:
"ಗುರುವಾರದ್ದಾದರೂ ಏನಾಗ್ತಿತ್ತು..."

ಗೊರಕೆ ಹೊಡೆಯುತ್ತಿದ್ದ ಮಂಚದಿಂದ ಅತ್ತೆ:
"ನಾಳೆ ತಿನ್ನೋ. ತಾಜಾದು ನೋಡಿ ತಿನ್ನು.
ನಾನು ಆ ಕಡೆ ಮುಖ ಮಾಡಿ ಕೂರ್ತೀನಿ."